ಗಿರಾಕಿ ಯಾರ ಲೆಕ್ಕಕ್ಕೆ

ಗಿರಾಕಿಗಳ ವಿವರವನ್ನೆಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರನ್ನು ನಮ್ಮ ಮಾಲೀಕರು ಕೊಂಡ ದಿನ ನನ್ನನ್ನು ಕರೆದು, "ಇದಕ್ಕೂ ನಮ್ ಇಮೇಲ್‌ಗೂ ಗಂಟು ಹಾಕ್ಬೇಕು ಕಣಪ್ಪ, ನೀನೇ ಮಾಡು" ಅಂದರು. ಎದುರು ಮೇಜಿನಲ್ಲಿ ಹೊಸದುರ್ಗದ ಕಡೆ ಮಾರಾಟ ನೋಡಿಕೊಳ್ಳುವ ಮೇಡಂ ಕೂತಿದ್ದರು. 'ನೀನೇ' ಎಂಬ ಮಾತು ಅವರ ಕಿವಿಗೂ ಬಿತ್ತಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಅವತ್ತು ಟೀಗೆ ಸಕ್ಕರೆ ಜಾಸ್ತಿಯಾಗಿದ್ದರೂ ಪೂರ್ತಿ ಕುಡಿದೆ.

ಚಿತ್ರದುರ್ಗದ ಸಂತೆಪೇಟೆಯಲ್ಲಿ ನಮ್ಮ ಅಂಗಡಿ. ಎಲೆಕ್ಟ್ರಾನಿಕ್ ತಕ್ಕಡಿ ಮಾರುತ್ತೇವೆ, ರಿಪೇರಿ ಮಾಡುತ್ತೇವೆ. ನಮ್ಮ ಕಡೆ ಅದನ್ನು ಕಾಟಾ ಅನ್ನುತ್ತಾರೆ. ಕಾಟಾಕ್ಕೆ ಪ್ರತಿ ವರ್ಷ ತೂಕ-ಅಳತೆ ಇಲಾಖೆಯ ಮುದ್ರೆ ಬೀಳಬೇಕು. ಮುದ್ರೆಯ ಅವಧಿ ಮುಗಿದರೆ ಆ ಕಾಟಾದಲ್ಲಿ ವ್ಯಾಪಾರದ ತೂಕ ಮಾಡುವಂತಿಲ್ಲ, ಬಟ್ಟೆ ಮುಚ್ಚಿ ಮೂಲೆಗಿಡಬೇಕು. ಹಾಗಾಗಿ ಪ್ರತಿ ಗಿರಾಕಿಗೂ ಮುಂಚಿತವಾಗಿ ನೆನಪಿಸುವುದು ನಮ್ಮ ಕೆಲಸದಲ್ಲಿ ಅರ್ಧ ಪಾಲು. ಆ ನೆನಪೋಲೆಗಳನ್ನು ಇನ್ನು ಮುಂದೆ ಸಾಫ್ಟ್‌ವೇರೇ ಇಮೇಲಿನಲ್ಲಿ ಕಳಿಸಬೇಕು, ಗಿರಾಕಿ ಬರೆದದ್ದು, ನಾವು ಉತ್ತರಿಸಿದ್ದು ಎಲ್ಲ ಅವನ ಹೆಸರಿನ ಕೆಳಗೆ ತಾನೇ ಬಂದು ಕೂರಬೇಕು ಎಂಬುದು ಮಾಲೀಕರ ಆಸೆ.

ಮೇಡಂ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ನನಗಿಂತ ಎಷ್ಟೋ ವರ್ಷ ತಡವಾಗಿ ಸೇರಿದವರು. ಬಂದ ಹೊಸತರಲ್ಲೇ ಹೊಸದುರ್ಗದ ಕುರಿಗಾರರಿಗೆ ಜೀವಂತ ಕುರಿ ತೂಗುವ ಕಾಟಾ ಮಾರಿದರು. ಕುರಿ ನಿಂತಲ್ಲಿ ನಿಲ್ಲುವ ಪ್ರಾಣಿಯಲ್ಲ, ಕಾಟಾದ ಮೇಲೆ ಅಂಕಿ ಕುಣಿಯುತ್ತಲೇ ಇರುತ್ತದೆ. ಕುಣಿಯುವ ಅಂಕಿಗಳ ಸರಾಸರಿ ಹಿಡಿದು ತೋರಿಸುವ ಮಾದರಿಯೊಂದು ನಮ್ಮ ಗೋದಾಮಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿತ್ತು. ಅದನ್ನು ದಿನಾ ದಾಟಿ ಹೋಗುತ್ತಿದ್ದವನು ನಾನು, ಹೊತ್ತುಕೊಂಡು ಹೋಗಿ ಮಾರಿದವರು ಅವರು. ಆಮೇಲೆ ಆ ಕುರಿಗಾರರು ಅವರಿಗೆ ಮೇಲ್ ಬರೆಯಲೂ ಶುರುಮಾಡಿದರು! ನನ್ನ ಹಿರಿಯೂರಿನ ಗಿರಾಕಿಗಳು ಫೋನ್ ಕೂಡ ಎತ್ತುವುದಿಲ್ಲ.

ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಹೊಳಲ್ಕೆರೆ ನನ್ನ ಲೈನು. ಅಲ್ಲಿನ ಅಡಿಕೆ ಮಂಡಿಗಳಿಗೆ ಮೊದಲ ಎಲೆಕ್ಟ್ರಾನಿಕ್ ಕಾಟಾ ಮುಟ್ಟಿಸಿದವನು ನಾನು. ಮಾಲೀಕರು ಒಂದು ದಿನ, "ಹೊಳಲ್ಕೆರೆ ತಿರುಗಾಟ ಮೇಡಂ ನೋಡ್ಕಳ್ಳಲಿ, ನೀನು ಆಡಿಟರ್ ಜತಿ ಪತ್ರವ್ಯವಹಾರ ಇಟ್ಕ" ಅಂದುಬಿಟ್ಟರು. ಆಡಿಟರ್ ಅಂದರೆ ಮಂಡಿ ಅಂಗಡಿಗಳ ತೆರಿಗೆ ಕಾಗದ ನೋಡುವವರು. ಹೊಳಲ್ಕೆರೆಯ ಮಾರುಕಟ್ಟೆ ಯಾರ್ಡಿನ ಬಹುಪಾಲು ಅಂಗಡಿಗಳಿಗೆ ಅವರೊಬ್ಬರೇ. ನಾನು ಅವರಿಗೆ ಒಂದು ಮೇಲ್ ಹಾಕಿದರೆ ಇಡೀ ಯಾರ್ಡಿಗೆ ಹೇಳಿದಂತೆ ಎಂದು ನನ್ನ ಲೆಕ್ಕ. ಊರು ಹೋಯಿತು, ವಿಳಾಸ ಉಳಿಯಿತು.

ಕೆಲಸ ಶುರುವಾಯಿತು. ಮೊದಲ ಅಡ್ಡಿ ಪಾಸ್‌ವರ್ಡಿನದು. ನಾವು ದಿನಾ ಹಾಕುವ ಪಾಸ್‌ವರ್ಡನ್ನು ಸಾಫ್ಟ್‌ವೇರಿಗೆ ಕೊಟ್ಟರೆ ಇಮೇಲ್ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊರಗಿನ ಪ್ರೋಗ್ರಾಂಗೆಂದೇ ಬೇರೆ ಪಾಸ್‌ವರ್ಡ್ ಹುಟ್ಟಿಸಿ ಕೊಡಬೇಕೆಂದು ಗೊತ್ತಾಗುವ ಹೊತ್ತಿಗೆ ಅಂಗಡಿಯ ಖಾತೆ ಎರಡು ಸಲ ಲಾಕ್ ಆಗಿತ್ತು. ಆಮೇಲೆ ಪ್ರಯೋಗಕ್ಕೊಬ್ಬ ಗಿರಾಕಿ ಬೇಕಾಯಿತು. ನಿಜವಾದ ಗಿರಾಕಿಯ ಮೇಲೆ ಪ್ರಯೋಗ ಬೇಡವೆಂದು ನನ್ನನ್ನೇ ಗಿರಾಕಿ ಮಾಡಿದೆ. ನನ್ನ ಹೆಸರು, ನನ್ನ ಮೇಲ್ ವಿಳಾಸ, ಶೋರೂಮಿನ ಮುಂದಿನ ಮೇಜಿನ ಮೇಲಿರುವ ಕಾಟಾದ ನಂಬರು, ಅದರ ಮುದ್ರೆಯ ತಾರೀಖು. ನನಗೇ ಒಂದು ಮೇಲ್ ಬರೆದುಕೊಂಡೆ. ಅದು ಬಂದು ನನ್ನ ಹೆಸರಿನ ಕೆಳಗೆ ಕೂತಾಗ ಮೇಜು ಗುದ್ದಿದೆ. ಮೇಡಂ ತಲೆಯೆತ್ತಿ ನೋಡಿ, "ಬಂತೇನ್ರಿ?" ಅಂದರು. "ಬರದೆ ಎಲ್ಲಿಗೆ ಹೋಗುತ್ತೆ" ಅಂದೆ.

ಎರಡನೆಯ ಅಡ್ಡಿ ನಗು ತರಿಸುವಂಥದ್ದು. ಇಡೀ ಅಂಗಡಿಯ ಮೇಲ್‌ಗಳನ್ನು ಎಳೆದುಕೊಂಡ ಮೇಲೆ ಮಾಲೀಕರನ್ನು ಕರೆದು ತೋರಿಸಿದೆ. ಅವರು ನೋಡಿ ನೋಡಿ, "ಅಲ್ಲಪ್ಪ, ಗಿರಾಕಿಗಳು ಇಷ್ಟು ಬರ್ದವ್ರೆ, ನಾವು ಒಬ್ಬರಿಗೂ ಉತ್ರ ಕೊಟ್ಟಿಲ್ವೇನು?" ಅಂದರು. ಬಂದ ಮೇಲ್‌ಗಳ ಫೋಲ್ಡರನ್ನಷ್ಟೇ ಜೋಡಿಸಿದ್ದೆ, ಕಳಿಸಿದವುಗಳದ್ದನ್ನು ಮರೆತಿದ್ದೆ. ಅದನ್ನೂ ಜೋಡಿಸಿದ ಮೇಲೆ ನಾವು ಮರ್ಯಾದಸ್ಥರಾದೆವು.

ಆವತ್ತೇ ಮಾಲೀಕರ ಕಣ್ಣು ಒಂದು ಕಾಲಮ್ಮಿನ ಮೇಲೆ ಬಿತ್ತು. ಪ್ರತಿ ಗಿರಾಕಿಯ ಪಕ್ಕದಲ್ಲಿ 'ಓನರ್' ಎಂದಿತ್ತು. ಆ ಗಿರಾಕಿಯನ್ನು ಅಂಗಡಿಯಲ್ಲಿ ಯಾರು ನೋಡಿಕೊಳ್ಳುತ್ತಾರೋ ಅವರ ಹೆಸರು ಅಲ್ಲಿ ಬರಬೇಕು. ಯಾರೊಂದಿಗೆ ಹೆಚ್ಚು ಮೇಲ್ ಓಡಾಡಿದೆಯೋ ಅವರ ಹೆಸರನ್ನು ಸಾಫ್ಟ್‌ವೇರೇ ಹಾಕುವಂತೆ ನಾನು ನಿಯಮ ಬರೆದಿದ್ದೆ. ಇದನ್ನು ವಿವರಿಸಿದ ಕೂಡಲೇ ಮಾಲೀಕರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು.

"ಭಾಳ ಚಲೋ ಆತು. ಗಿರಾಕಿ ವಿಭಾಗ ಅಂತ ಬ್ಯಾರೆ ಮಾಡಿ ಒಬ್ರ ಕೈಗೆ ಕೊಡ್ಬೇಕು ಅಂತಿದ್ದೆ. ಯಾರ್ ಹೆಸ್ರಿಗೆ ಜಾಸ್ತಿ ಗಿರಾಕಿ ಬೀಳ್ತಾರೋ ಅವ್ರಿಗೆ ಆ ಗಾಜಿನ ರೂಮು. ನಾನು ಯಾರ ಪರನೂ ಇಲ್ಲ, ಕಾಟಾ ತೂಗಿದಂಗೆ."

ಗಾಜಿನ ರೂಮೆಂದರೆ ಮಾಲೀಕರ ರೂಮಿನ ಪಕ್ಕದ್ದು. ಕಿಟಕಿಯಿಂದ ಜೋಗಿಮಟ್ಟಿ ಕಡೆಯ ಗುಡ್ಡ, ಗಾಳಿಯಂತ್ರ ಕಾಣುತ್ತವೆ. ಅದು ಖಾಲಿಯಾದಾಗಿನಿಂದ ನಾನು ಅಲ್ಲಿ ನಿಂತು ಫೋನ್ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದೆ. ಜನರ ಕಣ್ಣಿಗೆ ನಾನು ಅಲ್ಲಿ ಹೊಂದಿಕೊಂಡು ಹೋಗಲಿ ಎಂದು.

ಕಾಲಮ್ ತುಂಬತೊಡಗಿತು. ಎಲ್ಲ ಕಡೆ ನನ್ನ ಹೆಸರು! ಹಿರಿಯೂರು ನನ್ನದು, ಐಮಂಗಲದಲ್ಲಿ ಹೆದ್ದಾರಿ ಪಕ್ಕದ ಲಾರಿ ತೂಗುವ ಕಾಟಾಗಳು ನನ್ನವು, ಕಾಟಾಗಳ ಪಟ್ಟಿಯಲ್ಲಿ ಹೊಳಲ್ಕೆರೆ ಯಾರ್ಡು ಪೂರಾ ನನ್ನದು. ಮೇಡಂ ಹೆಸರು ಹೊಸದುರ್ಗದ ಕೆಲವು ಕಡೆ ಮಾತ್ರ. ಅವರ ಮೇಲ್‌ಗಳೆಲ್ಲ ಎಲ್ಲಿ ಹೋದವೆಂದು ಹುಡುಕಿದರೆ 'ಗುರುತು ಸಿಗದವು' ಎಂಬ ಫೋಲ್ಡರಿನಲ್ಲಿ ರಾಶಿ ಬಿದ್ದಿದ್ದವು. ಕಾರಣ ಸರಳ. ಬಿಲ್ಲು ಮಾಡುವಾಗ ಮಂಡಿಯವರು ಕೊಡುವುದು ಆಡಿಟರ್ ವಿಳಾಸ. ಸಾಫ್ಟ್‌ವೇರಿಗೆ ಗೊತ್ತಿದ್ದದ್ದು ಅದೊಂದೇ. ಮೇಡಂಗೆ ಮಂಡಿಯವರು ತಮ್ಮ ತಮ್ಮ ಮೊಬೈಲಿನಿಂದ ಬರೆಯುತ್ತಿದ್ದರು, ಆ ವಿಳಾಸಗಳು ನಮ್ಮ ದಾಖಲೆಯಲ್ಲಿ ಇರಲೇ ಇಲ್ಲ. ಊರೆಲ್ಲ ನೆಂಟರು, ಉಣ್ಣೋಕೆ ಮನೆಯಿಲ್ಲ ಎಂಬ ಹಾಗಾಯಿತು ಮೇಡಂ ಕಥೆ. ನನಗೆ ಎಷ್ಟು ಹಿತವಾಯಿತೆಂದರೆ ಆ ಫೋಲ್ಡರನ್ನು ದಿನಕ್ಕೆರಡು ಸಲ ತೆರೆದು ನೋಡಿ ಮುಚ್ಚುತ್ತಿದ್ದೆ.

ಮೇಡಂ ಒಮ್ಮೆ ಕೇಳಿದರು. "ನನ್ ಮೇಲ್ ಯಾವ್ದೂ ಕಾಣ್ತಿಲ್ವಲ್ರಿ?"

"ಸಾಫ್ಟ್‌ವೇರ್‌ಗೆ ಗುರ್ತು ಹತ್ತಿಲ್ಲ ಮೇಡಂ. ನೋಡಾಣ."

"ನಿಧಾನಕ್ಕೆ ನೋಡ್ರಿ, ಅವಸರ ಇಲ್ಲ" ಅಂದು ಅವರು ಯಾರಿಗೋ ಉತ್ತರ ಬರೆಯಲು ಕೂತರು. ಅವಸರ ಇಲ್ಲವಂತೆ. ಗಾಜಿನ ರೂಮಿನ ಮಾತು ಅವರೂ ಕೇಳಿದ್ದರು. ಆಸೆ ಇಲ್ಲದವರ ಜೊತೆ ಸ್ಪರ್ಧೆಗೆ ಬಿದ್ದರೆ ಗೆದ್ದರೂ ರುಚಿಯಿಲ್ಲ ಎಂದು ಅವತ್ತು ಬೇರೆಯೇ ಒಂದು ಉರಿ ಹತ್ತಿತು.

ಅಷ್ಟರಲ್ಲಿ ಹೊಳಲ್ಕೆರೆ ಯಾರ್ಡಿನಲ್ಲಿ ಮುದ್ರೆ ಹಾಕುವ ಕ್ಯಾಂಪು ನಿಗದಿಯಾಯಿತು. ಅಧಿಕಾರಿಗಳು ಅಲ್ಲಿಗೇ ಬರುತ್ತಾರೆ, ಅಂಗಡಿಯವರು ಕಾಟಾ ಒಯ್ದರೆ ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಪ್ರತಿವರ್ಷ ಮೇಡಂ ಒಬ್ಬೊಬ್ಬರಿಗೂ ಬರೆದು ತಿಳಿಸುತ್ತಿದ್ದರು. ಈ ಸಲ ಮಾಲೀಕರು, "ಮೇಡಂ, ನೀವು ಬರೀಬ್ಯಾಡ್ರಿ, ಸಾಫ್ಟ್‌ವೇರ್ ಕಳಿಸ್ತೈತೆ. ಇಲ್ಲಾಂದ್ರೆ ಯಾಕೆ ತಂದ್ವಿ ಅದನ್ನ?" ಅಂದರು. ನಾನು ಗುಂಡಿ ಒತ್ತಿದೆ. 'ಕಳಿಸಲಾಗಿದೆ' ಎಂದು ಬಂತು.

ಮರುದಿನ ನಾನೇ ಹೊಳಲ್ಕೆರೆ ಬಸ್ ಹತ್ತಿದೆ. ಮೇಲ್ ಮುಟ್ಟಿದೆಯೇ ಎಂದು ನೋಡುವುದು ನೆಪ. ನನ್ನ ಹಳೆಯ ಯಾರ್ಡಿಗೆ ಓನರ್ ಆಗಿ ಒಂದು ಸುತ್ತು ಹಾಕುವ ಆಸೆಯೇ ದೊಡ್ಡದು. ಸೀಜನ್ನಿನ ದಿನಗಳು, ಒಳಗೆಲ್ಲ ಬೇಯಿಸಿದ ಅಡಿಕೆಯ ಒಗರು ವಾಸನೆ, ಚೀಲ ಇಳಿಸುವ ಹಮಾಲರ ಕೂಗು. ನೇರ ಹಾಜಿ ಸಾಹೇಬರ ಮಂಡಿಗೆ ಹೋದೆ. ಅವರ ಮನೆತನ ಎಷ್ಟೋ ತಲೆಮಾರಿನಿಂದ ಇಲ್ಲಿ ವ್ಯಾಪಾರದಲ್ಲಿದೆ. ಕಬ್ಬಿಣದ ತೊಲೆ-ತಕ್ಕಡಿ ಬಿಟ್ಟು ಎಲೆಕ್ಟ್ರಾನಿಕ್ ಕಾಟಾ ತಗೊಳ್ಳಲು ಅವರನ್ನು ಒಪ್ಪಿಸುವಷ್ಟರಲ್ಲಿ ನನ್ನ ಚಪ್ಪಲಿ ಸವೆದಿತ್ತು. ಹಾಗಾಗಿ ಅವರು ನನ್ನ ಗಿರಾಕಿ, ಬೇರೆ ಯಾರ ಗಿರಾಕಿಯೂ ಅಲ್ಲ.

"ಬರ್ರಿ ಬರ್ರಿ, ಕುಂತ್ಕಳ್ರಿ. ಭಾಳ ದಿನ ಆತು" ಅಂದರು ಸಾಹೇಬರು. ನನ್ನ ಬೆನ್ನ ಹಿಂದೆ ಇಣುಕಿದರು. "ಮೇಡಂ ಬರ್ಲಿಲ್ವಾ?"

ಟೀ ಹೇಳಿ ಕಳಿಸಿದರು. ಬಂದ ಲೋಟವನ್ನು ಪಕ್ಕಕ್ಕಿಟ್ಟೆ. ಕ್ಯಾಂಪಿಗೆ ತಯಾರಿ ಆಯಿತೇ ಎಂದು ಕೇಳಿದೆ.

"ಯಾವ ಕ್ಯಾಂಪು?"

"ಮುದ್ರೆ ಕ್ಯಾಂಪು ಸಾಹೇಬ್ರೇ. ಸೋಮವಾರ. ಮೇಲ್ ಹೋಗೈತಲ್ಲ."

"ಯಾರಿಗೆ ಹೋಗೈತೆ?" ಅವರು ಫೋನ್ ತೆಗೆದು ಕನ್ನಡಕ ಏರಿಸಿದರು. "ನಂಗಂತೂ ಬಂದಿಲ್ಲ. ಮೇಡಂ ಬರ್ದದ್ದು ಇಲ್ಲಿ ಬರ್ತೈತೆ ನೋಡ್ರಿ. ಇದು ಮೊಮ್ಮಗಳ ಪರೀಕ್ಷೆ ಕೇಳಿದ್ದು. ಇದು ಕಾಟಾ ಅಲ್ಲಾಡಿದಾಗ ಕೆಳಗೆ ಕಲ್ಲು ಕೊಟ್ಟು ನೋಡ್ರಿ ಅಂದಿದ್ದು. ನಿಮ್ದು ಯಾವಾಗ್ಲೂ ಆಡಿಟರ್‌ಗೆ ಹೋಗ್ತೈತಲ್ಲಪ್ಪ, ನಮಗೆಲ್ಲಿ ಬರ್ತೈತೆ?"

ಆ ಫೋನನ್ನು ಕೈಗೆ ತಗೊಂಡು ನೋಡಿದೆ. ಮೇಡಂ ಹೆಸರು ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ನಿಂತಿತ್ತು, ನಡುನಡುವೆ ಸಾಹೇಬರ ಉತ್ತರಗಳು. ಸಾಹೇಬರು ನನಗೆ ಒಂದು ಸಾಲೂ ಬರೆದವರಲ್ಲ. ಅವರಿಗೆ ಇಂಥ ಉದ್ದುದ್ದ ಕನ್ನಡ ಬರೆಯಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. 

"ಸೋಮವಾರ ತಪ್ಪಿದ್ರೆ ಏನ್ ಗತಿ ಹೇಳ್ರಿ" ಅಂದರು ಸಾಹೇಬರು. "ನಮ್ಮ ಮುದ್ರೆ ಈ ತಿಂಗ್ಳಿಗೆ ಮುಗೀತೈತೆ. ಸೀಜನ್ನಾಗೆ ಕಾಟಾ ಮೂಲೆಗಿಟ್ರೆ ರೈತ ಕಾಯ್ತಾನೇನು? ಪಕ್ಕದ ಮಂಡಿಗೆ ಹೋಗ್ತಾನೆ. ಹೋದೋನು ತಿರುಗಿ ಬರಲ್ಲ."

ಅಲ್ಲಿಂದ ಎದ್ದು ಅಂಗಡಿ ಅಂಗಡಿ ಕೇಳಿದೆ. ಯಾರಿಗೂ ಸುದ್ದಿಯಿಲ್ಲ. ಆಡಿಟರ್ ಆಫೀಸಿಗೆ ಹೋದರೆ ಅವರು ತೆರಿಗೆ ಕಾಗದಗಳ ನಡುವೆ ಮುಳುಗಿದ್ದರು. "ಮೇಲ್ ಬಂದಿತ್ತಲ್ರಿ, ಒಂದು. ಅಕ್ಕಿ ಗಿರಣಿ ಹೆಸ್ರಲ್ಲಿತ್ತು. ಗಿರಣಿಯೋರಿಗೆ ಆಗ್ಲೇ ಫೋನ್ ಮಾಡಿ ಹೇಳ್ದೆ."

ಒಂದು. ಯಾರ್ಡಿಗೆಲ್ಲ ಒಂದು.

ವಾಪಸ್ ಬಂದು ಕಂಪ್ಯೂಟರ್ ಮುಂದೆ ಕೂತ ಮೇಲೆ ಸಂಗತಿ ಬಿಡಿಸಿಕೊಂಡಿತು. ಒಂದೇ ಮೇಲ್ ವಿಳಾಸ ಇದ್ದರೆ ಒಬ್ಬನೇ ಮನುಷ್ಯ ಎಂಬುದು ಆ ಸಾಫ್ಟ್‌ವೇರಿನ ನಂಬಿಕೆ. ಅದನ್ನು ಮಾಡಿದವರ ಊರಿನಲ್ಲಿ ಹಾಗೇ ಇರಬಹುದು. ನಮ್ಮಲ್ಲಿ ಒಬ್ಬ ಆಡಿಟರ್ ವಿಳಾಸದ ಕೆಳಗೆ ಒಂದು ಯಾರ್ಡೇ ಬದುಕುತ್ತದೆ. ಅದು ಎಲ್ಲ ಅಂಗಡಿಗಳನ್ನೂ ಕಲಸಿ ಒಂದು ಮಾಡಿ, ಅಕ್ಷರಕ್ರಮದಲ್ಲಿ ಮೊದಲಿದ್ದ ಅಕ್ಕಿ ಗಿರಣಿಯ ಹೆಸರಿಟ್ಟಿತ್ತು. ತೆರೆದು ನೋಡಿದರೆ ಹೊಳಲ್ಕೆರೆಯ ಅಷ್ಟೂ ಕಾಟಾಗಳು ಆ ಒಂದು ಗಿರಣಿಯವು! ನಾನು ಓನರ್ ಆಗಿದ್ದೆನಲ್ಲ, ಅದು ಆ ಒಂದು ಗಿರಣಿಗೆ.

ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ದನಿ, "ವಿಳಾಸ ಬಿಟ್ಟು ಬೇರೆ ಏನಾದರೂ ಒಬ್ಬೊಬ್ಬರಿಗೂ ಬೇರೆ ಬೇರೆ ಇರುವಂಥದ್ದು ನಿಮ್ಮ ಹತ್ತಿರ ಇದೆಯಾ ಸರ್? ಅದನ್ನೇ ಗುರುತಾಗಿ ಕೊಡಿ" ಅಂದಿತು.

ಇತ್ತು. ಪ್ರತಿ ಕಾಟಾದ ಪಕ್ಕೆಗೂ ಒಂದು ತಗಡು, ಅದರ ಮೇಲೆ ಕೆತ್ತಿದ ನಂಬರು. ಅದಕ್ಕೊಂದು ರೂಢಿಯೂ ಇತ್ತು. ಮಾಲೀಕರ ತಂದೆಯ ಕಾಲದಲ್ಲಿ ಗಿರಾಕಿಗಳು ಅಂಚೆ ಕಾರ್ಡು ಬರೆಯುತ್ತಿದ್ದರು. ಒಂದೇ ಹೆಸರಿನ ಅಂಗಡಿ ಊರಿಗೆ ನಾಲ್ಕಿರುತ್ತಿದ್ದುದರಿಂದ ಆ ಹಿರಿಯರು, ಮೇಲೆ 'ಶ್ರೀ' ಬರೆದ ಕೂಡಲೇ ಅದರ ಕೆಳಗೆ ಕಾಟಾ ನಂಬರು ಬರೆಯಬೇಕು, ಆಮೇಲೆ ಕ್ಷೇಮ ಸಮಾಚಾರ ಎಂದು ಕಟ್ಟುನಿಟ್ಟು ಮಾಡಿದ್ದರು. ಕಾರ್ಡು ಹೋಗಿ ಮೇಲ್ ಬಂದ ಮೇಲೆ ನಾನು ಅದನ್ನು ಬಿಟ್ಟೆ. ಆಡಿಟರ್‌ಗೆ ಒಟ್ಟಿಗೆ ಬರೆಯುವವನಿಗೆ ನಂಬರು ಯಾಕೆ? ಮೇಡಂ ಬಿಟ್ಟಿರಲಿಲ್ಲ. ತಮ್ಮ ಗಿರಾಕಿಗಳಿಗೂ ಕಲಿಸಿದ್ದರು. 'ಗುರುತು ಸಿಗದವು' ಫೋಲ್ಡರ್ ತೆರೆದರೆ ಒಂದೊಂದು ಮೇಲ್‌ನ ತಲೆಬರಹದಲ್ಲೂ ನಂಬರು ಹೊಳೆಯುತ್ತಿತ್ತು. ನಾನು ಅದನ್ನು ಹಳೇ ಕಾಲದ ಚಟ ಎಂದು ನಗುತ್ತಿದ್ದೆ.

ಮೂಲ ದಾಖಲೆಯನ್ನು ಮುಟ್ಟದೆ ಒಂದು ಪ್ರಯೋಗದ ಪ್ರತಿ ಮಾಡಿಕೊಂಡೆ. ಕಲಸಿದ್ದನ್ನು ಬಿಡಿಸಿದೆ. ಮೊದಲು ಕಾಟಾ ನಂಬರಿನಿಂದ ಗುರುತು ಹಿಡಿ, ನಂಬರು ಇಲ್ಲದಿದ್ದರೆ ಮಾತ್ರ ಮೇಲ್ ವಿಳಾಸ ನೋಡು ಎಂದು ನಿಯಮ ತಿದ್ದಿದೆ. ಓಡಿಸಿದೆ. ಆ ರಾಶಿ ಕರಗುತ್ತಾ ಬಂತು, ಒಂದೊಂದು ಮೇಲೂ ತನ್ನ ತನ್ನ ಅಂಗಡಿಗೆ ಹೋಗಿ ಕೂತಿತು. ಅವರವರ ಮೊಬೈಲ್ ವಿಳಾಸವೂ ಜೊತೆಗೇ ದಾಖಲಾಯಿತು. ಹಾಗೆಯೇ ಓನರ್ ಕಾಲಮ್ಮೂ ಬದಲಾಯಿತು. ನನ್ನ ಹೆಸರು ಒಂದೊಂದಾಗಿ ಅಳಿದು ಮೇಡಂ ಹೆಸರು ಬಂತು. ಅಕ್ಕಿ ಗಿರಣಿ, ಮೇಡಂ. ಹಾಜಿ ಸಾಹೇಬರು, ಮೇಡಂ. ಹಿರಿಯೂರಿನಲ್ಲೂ ಇಬ್ಬರು ಮೇಡಂ! ಅವರು ಯಾವಾಗ ಬರೆಯಲು ಶುರುಮಾಡಿದರೋ.

ಪ್ರತಿಯನ್ನು ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ದಾರಿಯೂ ಇತ್ತು. ಅಂಗಡಿಗಳನ್ನು ಕೈಯಿಂದ ಬಿಡಿಸಿಟ್ಟು ಆಡಿಟರ್ ವಿಳಾಸವನ್ನೇ ಉಳಿಸಿಕೊಳ್ಳುವುದು, ನೆನಪೋಲೆಗಳನ್ನು ಅಂಗಡಿಗಳಿಗೆ ಮುಟ್ಟಿಸಿ ಎಂದು ಆಡಿಟರನ್ನು ಬೇಡಿಕೊಳ್ಳುವುದು. ಹೊಳಲ್ಕೆರೆ ನನ್ನ ಹೆಸರಿನಲ್ಲೇ ಇರುತ್ತಿತ್ತು, ರೂಮೂ ನನ್ನದೇ. ಆ ಮನುಷ್ಯ ತೆರಿಗೆ ಕಾಗದದ ನಡುವೆ ಎಷ್ಟು ಜನಕ್ಕೆ ಫೋನ್ ಮಾಡಿಯಾನು? ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ಆ ಪರದೆಯ ಮುಂದೆ ಕೂತಿದ್ದೆ. ಎದುರು ಮೇಜಿನಲ್ಲಿ ಮೇಡಂ ಯಾರದೋ ಮೇಲ್ ಓದಿ ಒಬ್ಬರೇ ನಗುತ್ತಿದ್ದರು.

ಹೊಸ ನಿಯಮವನ್ನೇ ಉಳಿಸಿದೆ. ದೊಡ್ಡ ಮನಸ್ಸು ಎಂದು ಯಾರೂ ತಿಳಿಯಬೇಡಿ. ಹಾಜಿ ಸಾಹೇಬರ ಮಂಡಿಯ ಆ ಕಾಟಾ ನಾನು ಮಾರಿದ್ದು, ನಾನೇ ಹೊತ್ತು ತಂದು ಮಟ್ಟ ನೋಡಿ ಕೂರಿಸಿದ್ದು. ಅದು ಸೀಜನ್ನಿನಲ್ಲಿ ಬಟ್ಟೆ ಮುಚ್ಚಿಕೊಂಡು ಮೂಲೆ ಹಿಡಿಯುವುದನ್ನು ನೋಡಲಾರೆ ಅನ್ನಿಸಿತು. ಗಿರಾಕಿ ಮೇಡಂ ಹೆಸರಿಗೆ ಹೋದರೂ ಕಾಟಾ ನನ್ನದು.

ನೆನಪೋಲೆಗಳು ಮತ್ತೆ ಹೊರಟವು. ಈ ಸಲ ಒಂದಲ್ಲ. ಸಂಜೆಯೊಳಗೆ ಉತ್ತರಗಳು ಬರತೊಡಗಿದವು, ಎಲ್ಲ "ಮೇಡಂ" ಎಂದು ಶುರುವಾಗುವಂಥವು. ಸೋಮವಾರ ಕ್ಯಾಂಪಿನಲ್ಲಿ ಕೈಗಾಡಿಗಳ ಸಾಲು ಯಾರ್ಡಿನ ಗೇಟು ಮುಟ್ಟಿತ್ತು. ಹಾಜಿ ಸಾಹೇಬರ ಕಾಟಾಕ್ಕೆ ಮುದ್ರೆ ಒತ್ತುವಾಗ ನಾನೇ ಪಕ್ಕದಲ್ಲಿ ಹಿಡಿದುಕೊಂಡಿದ್ದೆ. ಸಾಹೇಬರು ಬೆನ್ನು ತಟ್ಟಿ, "ಮೇಡಂಗೆ ಹೇಳ್ರಿ, ಟೈಮಿಗೆ ತಿಳ್ಸಿದ್ರು" ಅಂದರು.

ಮಾಲೀಕರು ಕಾಲಮ್ ನೋಡಿದರು, ನನ್ನ ಮುಖ ನೋಡಿದರು. "ಕಾಟಾ ತೂಗಿದಂಗೆ ಅಂದಿದ್ದೆ ಕಣಪ್ಪ" ಅಂದರು. ಅಷ್ಟೇ. ಮೇಡಂ ಗಾಜಿನ ರೂಮಿಗೆ ಹೋದರು. ಹೋಗುವ ಮುಂಚೆ ನನ್ನ ಮೇಜಿನ ಹತ್ತಿರ ನಿಂತು, "ನಂಬರಿಂದ ಗುರ್ತು ಹಿಡಿಸೋದು ನಿಮ್ಗೇ ಹೊಳ್ದಿದ್ದು ಅಂತ ಸಾರ್‌ಗೆ ಹೇಳ್ದೆ ಕಣ್ರಿ" ಅಂದರು. ಹೇಳದೆ ಇದ್ದಿದ್ದರೆ ಮನಸ್ಸಿಗೆ ಎಷ್ಟೋ ಸಮಾಧಾನವಿರುತ್ತಿತ್ತು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ನಾನು ಅದನ್ನು ಬಿಟ್ಟೆನೆಂದು ಹೇಳುತ್ತಿಲ್ಲ.

ಮೊನ್ನೆ ನನ್ನ ಇನ್‌ಬಾಕ್ಸಿಗೆ ಒಂದು ಮೇಲ್ ಬಂತು. ತಲೆಬರಹದಲ್ಲಿ ಕಾಟಾ ನಂಬರು. "ಮಾನ್ಯ ಗ್ರಾಹಕರೇ, ನಿಮ್ಮ ಕಾಟಾದ ಮುದ್ರೆಯ ಅವಧಿ ಮುಗಿಯುತ್ತಿದೆ. ಅನುಕೂಲವಾದ ದಿನವನ್ನು ಉತ್ತರಿಸಿ ತಿಳಿಸಿ." ಕೆಳಗೆ ಮೇಡಂ ಹೆಸರು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಶೋರೂಮಿನ ಕಾಟಾ ನೆನಪಾಯಿತು. ಪ್ರಯೋಗಕ್ಕೆಂದು ನನ್ನನ್ನೇ ಗಿರಾಕಿ ಮಾಡಿಕೊಂಡವನು ಅಳಿಸಲು ಮರೆತಿದ್ದೆ. ನನ್ನ ಹೆಸರು ತೆರೆದೆ. ಓನರ್ ಕಾಲಮ್ಮಿನಲ್ಲಿ ಮೇಡಂ. ಯಾಕೆಂದರೆ ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಮೇಲ್ ಬರೆದದ್ದು ಅವರಿಗೇ. ಎಲ್ಲ ಅಲ್ಲಿ ಸಾಲಾಗಿ ಕೂತಿದ್ದವು. 'ಇದು ನನ್ನ ಲೈನು', 'ನನ್ನನ್ನು ಕೇಳದೆ ಯಾಕೆ ಹೋದಿರಿ', 'ಇನ್ನು ಮುಂದೆ ಹೀಗಾಗಬಾರದು'. ಪ್ರತಿಯೊಂದರ ಕೆಳಗೂ ಅವರ ಉತ್ತರವಿತ್ತು. ಪ್ರತಿ ಉತ್ತರವೂ ನಮಸ್ಕಾರದಿಂದ ಶುರುವಾಗಿತ್ತು.

ಗಾಜಿನ ರೂಮಿನ ಕಡೆ ನೋಡಿದೆ. ಮೇಡಂ ಜೋಗಿಮಟ್ಟಿಗೆ ಬೆನ್ನು ಹಾಕಿ ಯಾರಿಗೋ ಬರೆಯುತ್ತಿದ್ದರು. ಎದ್ದು ಹೋಗಿ ಶೋರೂಮಿನ ಕಾಟಾವನ್ನು ನಾನೇ ಹೆಗಲ ಮೇಲೆ ಹೊತ್ತು ಇಲಾಖೆಯ ಆಫೀಸಿಗೆ ಒಯ್ದು ಮುದ್ರೆ ಹಾಕಿಸಿಕೊಂಡು ಬಂದೆ. ಮೇಲ್‌ಗೆ ಮಾತ್ರ ಉತ್ತರ ಬರೆಯಲಿಲ್ಲ. ಬರೆದರೆ ಅದೂ ಅವರ ಲೆಕ್ಕಕ್ಕೇ ಹೋಗುತ್ತದೆ.